ಸಗಣಿ ತೂಗಿದ ಮೇಲೆ ಉರಿ ಬಂತು

ಶಿರಸಿ ತಾಲೂಕಿನ ಬನವಾಸಿ ಕಡೆ ನಮ್ಮೂರು. ನನಗಿರುವುದು ನಾಲ್ಕೂವರೆ ಎಕರೆ, ಎಲ್ಲ ಮಳೆ ನಂಬಿದ ಜಮೀನು. ಭತ್ತ, ಗೋವಿನಜೋಳ, ಒಂದಿಷ್ಟು ಹತ್ತಿ ಬೆಳೆಯುತ್ತೇನೆ. ತೋಟ ಇಲ್ಲ. ಓದಿದ್ದು ಏಳನೇ ಇಯತ್ತೆ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಪಂಡಿತರ ಮಾತು ಕಡಿಮೆ. ಗೋಬರ್ ಗ್ಯಾಸ್ ಗುಂಡಿಯೊಂದರ ಜೊತೆ 25 ವರ್ಷಕ್ಕೂ ಮೇಲ್ಪಟ್ಟು ಒದ್ದಾಡಿ ಕಲಿತದ್ದು ಮಾತ್ರ ಇದೆ. ಮೊದಲ ಮೂರು ವರ್ಷ ಅದು ಸರಿಯಾಗಿ ಉರಿಯಲಿಲ್ಲ. ಯಾಕೆ ಉರಿಯಲಿಲ್ಲ ಎಂಬುದೇ ಈ ಲೇಖನದ ಮುಖ್ಯ ಪಾಠ.

ಈಗ ಪೇಪರು ತೆಗೆದರೆ ಸೌರ ಶಕ್ತಿ, ಗಾಳಿ ವಿದ್ಯುತ್, ಹಸಿರು ಇಂಧನ ಎಂಬ ಸುದ್ದಿ ದಿನವೂ ಇರುತ್ತದೆ. ದೇಶವೇ ಕಲ್ಲಿದ್ದಲು, ಎಣ್ಣೆ ಬಿಟ್ಟು ಬೇರೆ ದಾರಿಗೆ ಹೊರಳುತ್ತಿದೆ ಅಂತಾರೆ. ಒಳ್ಳೆಯದೇ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮಗೆ ಈ ಹೊರಳುವಿಕೆ ಹೊಸದಲ್ಲ. ನಮ್ಮ ಅಡುಗೆಮನೆಗಳು 30-40 ವರ್ಷದ ಹಿಂದೆಯೇ ಕಟ್ಟಿಗೆ ಬಿಟ್ಟು ಸಗಣಿ ಗ್ಯಾಸಿಗೆ ಹೊರಳಿದ್ದವು. ಅದರಲ್ಲಿ ಗೆದ್ದದ್ದೇನು, ಸೋತದ್ದೇನು ಅಂತ ನಾವೇ ಬರೆದಿಡದಿದ್ದರೆ ಇನ್ಯಾರು ಬರೆಯಬೇಕು?

ಈ ಸೀಮೆಯಲ್ಲೇ ಯಾಕೆ ಹಬ್ಬಿತು?

ದೇಶದಲ್ಲಿ ಗೋಬರ್ ಗ್ಯಾಸ್ ಮೊದಲು ಹಬ್ಬಿದ್ದು ಖಾದಿ ಗ್ರಾಮೋದ್ಯೋಗ ಆಯೋಗದ ಕಬ್ಬಿಣದ ಡ್ರಮ್ಮಿನ ಮಾದರಿಯಿಂದ. ಗ್ಯಾಸ್ ತುಂಬಿದಂತೆ ಡ್ರಮ್ಮು ಮೇಲೆ ಬರುತ್ತದೆ, ಖರ್ಚಾದಂತೆ ಇಳಿಯುತ್ತದೆ. ನೋಡಲು ಚೆಂದ. ಆದರೆ ನಮ್ಮ ಮಳೆಗೆ ಕಬ್ಬಿಣ ಎಷ್ಟು ವರ್ಷ ಬಾಳೀತು? ವರ್ಷ ವರ್ಷ ಬಣ್ಣ ಬಳಿಯದಿದ್ದರೆ ತುಕ್ಕು ತಿಂದು ತೂತು ಬೀಳುತ್ತಿತ್ತು. 1978ರಲ್ಲಿ ಚೀನಾ ದೇಶದ ಪದ್ಧತಿ ನೋಡಿ ಮಾಡಿದ ‘ಜನತಾ’ ಮಾದರಿ ಬಂತು. ಅದರಲ್ಲಿ ಡ್ರಮ್ಮಿಲ್ಲ, ನೆಲದೊಳಗೆ ಇಟ್ಟಿಗೆ ಗುಮ್ಮಟ. 1984ರಲ್ಲಿ ಅಫ್ರೋ ಸಂಸ್ಥೆಯವರು ಅದನ್ನೇ ಇನ್ನೂ ಕಡಿಮೆ ಖರ್ಚಿನಲ್ಲಿ ‘ದೀನಬಂಧು’ ಎಂದು ಮಾಡಿದರು. 1981-82ರಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ಬಯೋಗ್ಯಾಸ್ ಯೋಜನೆ ಶುರುವಾಗಿ ಸಹಾಯಧನವೂ ಸಿಕ್ಕಿತು. ನಮ್ಮ ಕಡೆ ಬೇರೂರಿದ್ದು ದೀನಬಂಧುವೇ.

ಇಡೀ ದೇಶಕ್ಕೆ ಇದ್ದದ್ದು ಒಂದೇ ಯೋಜನೆ. ಆದರೂ ಎಷ್ಟೋ ಊರುಗಳಲ್ಲಿ ಕಟ್ಟಿದ ಗುಂಡಿಗಳು ಹಾಳು ಬಿದ್ದವು. ಶಿರಸಿಯಲ್ಲಿ ಹಾಗಾಗಲಿಲ್ಲ. ಪಿ.ಆರ್. ಭಟ್, ಎಚ್.ಎನ್. ಚಾಣಕ್ಯ, ಎನ್.ಎಚ್. ರವೀಂದ್ರನಾಥ್ ಎಂಬ ಮೂವರು 2001ರಲ್ಲಿ ಶಿರಸಿ ತಾಲೂಕಿನ ಗೋಬರ್ ಗ್ಯಾಸ್ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅವರು ನೋಡಿದ ಹಳ್ಳಿಗಳಲ್ಲಿ ಕಟ್ಟಿದ ಗುಂಡಿಗಳೆಲ್ಲ ನಡೆಯುತ್ತಿದ್ದವು. ಗುಂಡಿ ಇದ್ದ ಮನೆಗಳ ಪೈಕಿ ನೂರಕ್ಕೆ 85ರಲ್ಲಿ ಪೂರ್ತಿ ಅಡುಗೆ ಅದರಲ್ಲೇ ಆಗುತ್ತಿತ್ತು. ಕಾರಣ ಏನೆಂದರೆ ಕಟ್ಟಿಕೊಡುವವರು ಹಲವರಿದ್ದರು, ಅವರವರಲ್ಲೇ ಪೈಪೋಟಿ ಇತ್ತು. ಕಟ್ಟಿದವರೇ ಉರಿಯುವ ಗ್ಯಾರಂಟಿ ಕೊಡುತ್ತಿದ್ದರು, ಕೆಟ್ಟರೆ ದುಡ್ಡಿಲ್ಲದೆ ಬಂದು ರಿಪೇರಿ ಮಾಡುತ್ತಿದ್ದರು. ಕಟ್ಟಿ ಹೋದವನು ಮತ್ತೆ ಬಾಗಿಲಿಗೆ ಬರುತ್ತಾನೆ ಎಂಬ ಭರವಸೆ ಸಣ್ಣದಲ್ಲ.

ಇನ್ನೊಂದು ಕಾರಣ ನಾನು ಹೇಳುತ್ತೇನೆ. ನಮ್ಮಲ್ಲಿ ತೋಟಿಗರ ಮನೆಯ ಕೊಟ್ಟಿಗೆ ಎಂದರೆ ಹಾಲಿಗಿಂತ ಗೊಬ್ಬರಕ್ಕೆ ಇದ್ದದ್ದು. ಬ್ರಿಟಿಷರ ಕಾಲದಿಂದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಹಕ್ಕು ಇದೆ. ಅಲ್ಲಿಂದ ಸೊಪ್ಪು, ದರಕು, ಕಟ್ಟಿಗೆ ಬರುತ್ತಿತ್ತು. ಸಗಣಿ ತೋಟಕ್ಕೆ ಹೇಗೂ ಹೋಗಬೇಕು. ಹೋಗುವ ದಾರಿಯಲ್ಲಿ ಗ್ಯಾಸ್ ಕೊಟ್ಟು ಹೋದರೆ ನಷ್ಟವೇನು? ಗೊಬ್ಬರಕ್ಕೆ ಬೆಲೆ ಗೊತ್ತಿದ್ದ ಕಡೆ ಗುಂಡಿ ಉಳಿಯಿತು. ಬರೀ ಉರಿಗಾಗಿ ಕಟ್ಟಿದ ಕಡೆ ಸಿಲಿಂಡರ್ ಬಂದ ದಿನ ಮುಚ್ಚಿತು.

ನಮ್ಮಂಥ ಹೊಲದವರಿಗೆ ಬೆಟ್ಟ ಇಲ್ಲ. ಕಟ್ಟಿಗೆಗೆ ಕಾಡಿಗೇ ಹೋಗಬೇಕು. ಹೋಗುವವರು ಹೆಂಗಸರು, ಬಯ್ಗುಳ ತಿನ್ನುವವರೂ ಅವರೇ. ಹಾಗಾಗಿ ನಿಜ ಹೇಳಬೇಕೆಂದರೆ ಗೋಬರ್ ಗ್ಯಾಸ್ ತೋಟದವರಿಗಿಂತ ನಮಗೆ ಹೆಚ್ಚು ಬೇಕಿತ್ತು. ಬಂದದ್ದು ಮಾತ್ರ ಕೊನೆಗೆ.

ನಾನು ಮಾಡಿದ ಮೂರು ತಪ್ಪು

1998ರ ಬೇಸಿಗೆಯಲ್ಲಿ ನಮ್ಮ ಮನೆ ಹಿಂದೆ ಗುಂಡಿ ತೋಡಿದೆವು. ಮನೆಯಲ್ಲಿ ಆಗ ಆರು ಜನ. ಕೊಟ್ಟಿಗೆಯಲ್ಲಿ ಎರಡು ಎತ್ತು, ಎರಡು ಆಕಳು, ಒಂದು ಪಡ್ಡೆ ಕರು, ಒಟ್ಟು ಐದು. ಮಾಹಿತಿ ಕೊಡಲು ಬಂದವರು ಕೊಟ್ಟಿಗೆ ಬಾಗಿಲಲ್ಲೇ ನಿಂತು ಲೆಕ್ಕ ಹಾಕಿದರು. ಒಂದು ದನಕ್ಕೆ ದಿನಕ್ಕೆ 10 ಕಿಲೋ ಸಗಣಿ, ಐದಕ್ಕೆ 50 ಕಿಲೋ. 25 ಕಿಲೋ ಸಗಣಿಗೆ 1 ಘನ ಮೀಟರ್ ಗ್ಯಾಸ್, ಆದ್ದರಿಂದ 2 ಘನ ಮೀಟರಿನ ಗುಂಡಿ. ಬಾಯಿ ಲೆಕ್ಕ ಸರಿಯಿತ್ತು. ನಾನೂ ತಲೆ ಆಡಿಸಿದೆ. ಸಹಾಯಧನ ಕಳೆದು ಕೈಯಿಂದ ಹಾಕಿದ್ದು ಆ ವರ್ಷದ ಹತ್ತಿ ದುಡ್ಡು.

ಮೊದಲ ತುಂಬಿಗೆ ಊರೆಲ್ಲ ಸಗಣಿ ಬೇಡಿದೆವು. 15-20 ದಿನ ಬಿಟ್ಟು ಒಲೆ ಹಚ್ಚಿದರೆ ನೀಲಿ ಉರಿ! ನಮ್ಮವ್ವ ಒಲೆಗೆ ಕುಂಕುಮ ಹಚ್ಚಿ ಹಾಲು ಉಕ್ಕಿಸಿದಳು. ಎರಡು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಬೆಳಗಿನ ಚಾ, ರೊಟ್ಟಿ ಆಗುವಷ್ಟರಲ್ಲಿ ಉರಿ ಸಣ್ಣಗಾಗುತ್ತಿತ್ತು. ಮಳೆಗಾಲದಲ್ಲಿ ಅನ್ನವೂ ಬೇಯುತ್ತಿರಲಿಲ್ಲ. ಮನೆಯವಳು ಮತ್ತೆ ಹಸಿ ಕಟ್ಟಿಗೆ ಊದತೊಡಗಿದಳು. “ನಿಮ್ ಗುಂಡಿ ನಂಬ್ಕಂಡು ಕೂತ್ರೆ ಮಕ್ಳು ಉಪಾಸ ಮಲಗ್ಬೇಕ್ರಿ” ಅಂದಳು. ನನಗೆ ಸಿಟ್ಟು ಬಂದದ್ದು ಗುಂಡಿಯ ಮೇಲೆ, ತೋರಿಸಿದ್ದು ಅವಳ ಮೇಲೆ. ಮೂರನೇ ಮಳೆಗಾಲಕ್ಕೆ ಅವಳಿಗೆ ರಾತ್ರಿ ಮಲಗಿದರೆ ಕೆಮ್ಮು, ಏದುಸಿರು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, “ಒಲೆ ಯಾವುದು?” ಮನೆ ಹಿಂದೆ ಸಾವಿರಾರು ರೂಪಾಯಿಯ ಗುಂಡಿ ಇಟ್ಟುಕೊಂಡು “ಕಟ್ಟಿಗೆ ಒಲೆ” ಎಂದು ಹೇಳುವಾಗ ನನ್ನ ತಲೆ ತಗ್ಗಿತು.

ಆಗ ನೆರೆಯೂರಿನ ಹಳೇ ಗೌಂಡಿಯೊಬ್ಬರನ್ನು ಕರೆಸಿದೆ. ಅವರು ಗುಂಡಿಯನ್ನು ನೋಡಲೇ ಇಲ್ಲ. “ತಕ್ಕಡಿ ಇದ್ಯಾ ಮಾರಾಯಾ? ಒಂದು ವಾರ ಸಗಣಿ ತೂಗು, ಆಮೇಲೆ ಮಾತಾಡಣ” ಅಂದು ಹೋದರು.

ತೂಗಿದೆ. ಏಳು ದಿನದ ಸರಾಸರಿ 21 ಕಿಲೋ! 50 ಎಲ್ಲಿ, 21 ಎಲ್ಲಿ? ನಮ್ಮವು ಮಲೆನಾಡು ಗಿಡ್ಡ. ಸಣ್ಣ ಮೈ, ಬೆಳಗಾದರೆ ಮೇಯಲು ಕಾಡಿಗೆ ಹೋಗುತ್ತವೆ. ಅರ್ಧ ಸಗಣಿ ಅಲ್ಲೇ ಬೀಳುತ್ತದೆ. ರಾತ್ರಿ ಕೊಟ್ಟಿಗೆಯಲ್ಲಿ ಸಿಗುವುದು ದನಕ್ಕೆ 4-5 ಕಿಲೋ. ದನಕ್ಕೆ 10 ಕಿಲೋ ಎಂಬುದು ಕಟ್ಟಿ ಮೇಯಿಸುವ ದೊಡ್ಡ ದನದ ಲೆಕ್ಕ. ಬೇರೆ ಸೀಮೆಯ ದನದ ಲೆಕ್ಕ ನನ್ನ ಕೊಟ್ಟಿಗೆಗೆ ಕೂರಿಸಿದ್ದೇ ಮೊದಲ ತಪ್ಪು.

21 ಕಿಲೋ ಎಂದರೆ 0.84 ಘನ ಮೀಟರ್ ಗ್ಯಾಸ್. ನಮ್ಮ ಒಲೆ ತಾಸಿಗೆ ಸುಮಾರು 0.45 ಘನ ಮೀಟರ್ ಕುಡಿಯುತ್ತದೆ. ಅಂದರೆ ದಿನಕ್ಕೆ ಎರಡು ತಾಸೂ ಪೂರ್ತಿ ಉರಿಯದು. ಒಬ್ಬರ ಅಡುಗೆಗೆ ದಿನಕ್ಕೆ 0.25ರಿಂದ 0.30 ಘನ ಮೀಟರ್ ಬೇಕು. ಆರು ಜನಕ್ಕೆ 1.5ರಿಂದ 1.8. ಬೇಕಾದ್ದರ ಅರ್ಧ ಮಾತ್ರ ಹುಟ್ಟುತ್ತಿತ್ತು. ಗುಂಡಿಯದು ಏನೂ ತಪ್ಪಿರಲಿಲ್ಲ, ಅದಕ್ಕೆ ಹೊಟ್ಟೆಗೆ ಹಾಕಿರಲಿಲ್ಲ.

ಎರಡನೇ ತಪ್ಪು ನೀರಿನದು. ಸಗಣಿ ಎಷ್ಟೋ ನೀರೂ ಅಷ್ಟೇ ಎಂಬುದು ನಿಯಮ. ನಾನು 50 ಕಿಲೋ ಎಂದೇ ತಿಳಿದು 50 ಲೀಟರ್ ನೀರು ಸುರಿಯುತ್ತಿದ್ದೆ. 21 ಕಿಲೋ ಸಗಣಿಗೆ 50 ಲೀಟರ್! ನೀರು ಹೆಚ್ಚಾದರೆ ಗಟ್ಟಿ ಪದಾರ್ಥ ತಳಕ್ಕೆ ಕೂರುತ್ತದೆ, ನಾರು ಮೇಲೆ ತೇಲಿ ಕೆನೆ ಕಟ್ಟುತ್ತದೆ. ಕೆನೆ ಒಣಗಿ ಗಟ್ಟಿಯಾದರೆ ಕೆಳಗಿನ ಗ್ಯಾಸ್ ಮೇಲೆ ಬರಲಾರದು.

ಮೂರನೇದು ನಮ್ಮ ಕೊಟ್ಟಿಗೆ ಪದ್ಧತಿ. ದನದ ಕಾಲಡಿ ದರಕು, ಹುಲ್ಲು ಹಾಸುತ್ತೇವೆ. ಗೊಬ್ಬರ ಗುಂಡಿಗೆ ಅದು ಚಿನ್ನ, ಗ್ಯಾಸ್ ಗುಂಡಿಗೆ ವಿಷ. ಎಲೆ, ಕಡ್ಡಿ ಸಮೇತ ಕಲೆಸಿ ಹಾಕಿದ್ದೆವು. ಸಾಲದು ಎಂಬಂತೆ ಕೊಟ್ಟಿಗೆ ತೊಳೆದ ಫಿನಾಯಿಲ್ ನೀರನ್ನೂ ಬಿಟ್ಟಿದ್ದೆವು. ಗುಂಡಿಯೊಳಗೆ ಕೆಲಸ ಮಾಡುವುದು ಕಣ್ಣಿಗೆ ಕಾಣದ ಜೀವಿಗಳು. ಒಂದು ಗುಂಪು ಸಗಣಿಯನ್ನು ಹುಳಿ ಮಾಡುತ್ತದೆ, ಇನ್ನೊಂದು ಗುಂಪು ಆ ಹುಳಿಯನ್ನು ತಿಂದು ಗ್ಯಾಸ್ ಬಿಡುತ್ತದೆ. ಅವಕ್ಕೆ ಗಾಳಿ ಆಗದು, ಚಳಿ ಆಗದು, ಫಿನಾಯಿಲ್ ಅಂತೂ ಆಗಲೇ ಆಗದು. ಹೊರಬರುವ ಗ್ಯಾಸಿನಲ್ಲಿ ಸುಮಾರು ನೂರಕ್ಕೆ 60 ಪಾಲು ಉರಿಯುವ ಮೀಥೇನ್, ಉಳಿದದ್ದು ಹೆಚ್ಚಿನಂಶ ಉರಿಯದ ಇಂಗಾಲಾಮ್ಲ. ಎರಡನೇ ಗುಂಪು ಸತ್ತರೆ ಗುಂಡಿ ಬರೀ ಹುಳಿಯಾಗುತ್ತದೆ. ಗ್ಯಾಸ್ ಬರುತ್ತದೆ, ಆದರೆ ಉರಿ ಹತ್ತುವುದಿಲ್ಲ.

ಆ ಅಧ್ಯಯನದವರು ಆಗ ನನ್ನ ಮನೆಗೆ ಬಂದಿದ್ದರೆ ಅವರ ನೂರಕ್ಕೆ ನೂರು ಲೆಕ್ಕ ಕೆಡುತ್ತಿತ್ತು. ಬರಲಿಲ್ಲ, ಒಳ್ಳೇದಾಯಿತು.

ಸರಿ ಮಾಡಿದ್ದು ಹೇಗೆ?

2001ರ ಬೇಸಿಗೆಯಲ್ಲಿ ಗುಂಡಿ ಖಾಲಿ ಮಾಡಿಸಿದೆವು. ಇಲ್ಲಿ ಒಂದು ಮಾತು ಎಚ್ಚರದಿಂದ ಓದಿ. ನನ್ನ ತಮ್ಮ ಬಕೆಟ್ ಹಿಡಿದು ಒಳಗೆ ಇಳಿಯಲು ಹೊರಟಿದ್ದ. ಗೌಂಡಿ ರಟ್ಟೆ ಹಿಡಿದು ಎಳೆದರು. ಗುಂಡಿಯೊಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಇಳಿದವನು ಕೂಗಲೂ ಆಗದೆ ಬೀಳುತ್ತಾನೆ, ಅವನನ್ನು ಎತ್ತಲು ಹೋದವನೂ ಬೀಳುತ್ತಾನೆ. ದೀಪ ಇಳಿಬಿಟ್ಟು ನೋಡುವುದಂತೂ ಇನ್ನೂ ಅಪಾಯ, ಬೆಂಕಿ ಹತ್ತುತ್ತದೆ. ಹೊರಗಿನಿಂದಲೇ ಸ್ಲರಿ ಎತ್ತಿ, ದಿನಗಟ್ಟಲೆ ಬಾಯಿ ತೆರೆದಿಟ್ಟು, ಗಾಳಿ ಹೊಡೆಸಿ, ಆಮೇಲೆ ಈ ಕೆಲಸ ಬಲ್ಲವರಿಂದಲೇ ಮಾಡಿಸಬೇಕು. ಪೈಪಿನಲ್ಲಿ ಸೋರಿಕೆ ಇದೆಯೋ ಅಂತ ನೋಡಲು ಕಡ್ಡಿ ಗೀರಬಾರದು. ಸಾಬೂನು ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ, ಅಷ್ಟು ಸಾಕು.

ಗುಂಡಿ ಸರಿಯಾಯಿತು. ಇನ್ನು ಅದರ ಹೊಟ್ಟೆಗೆ ದಾರಿ. ಒಂದು ಎಮ್ಮೆ ತಂದೆ, ದಿನಕ್ಕೆ 13 ಕಿಲೋ. ಆಕಳು, ಎತ್ತುಗಳನ್ನು ಮಧ್ಯಾಹ್ನದ ಮೇಲೆ ಕಾಡಿಗೆ ಬಿಡದೆ ಗೋವಿನಜೋಳದ ಮೇವು ಹಾಕಿ ಕಟ್ಟಿದೆ, 21 ಇದ್ದದ್ದು 28 ಆಯಿತು. ಎರಡೂ ಸೇರಿ 41. ಉಳಿದ 9 ಕಿಲೋಕ್ಕೆ ಪಕ್ಕದ ಮನೆಯವರ ಜೊತೆ ಒಂದು ಒಪ್ಪಂದ. ಅವರು ದಿನಾ ಒಂದು ಬುಟ್ಟಿ ಸಗಣಿ ಕೊಡುವುದು, ಅವರ ಪಾಲಿನ ಸ್ಲರಿ ಗೊಬ್ಬರ ನಾವು ಬೇಸಿಗೆಯಲ್ಲಿ ಅವರ ಹೊಲಕ್ಕೆ ಮುಟ್ಟಿಸುವುದು. ಅವರಿಗೆ ನಷ್ಟ ಇಲ್ಲ, ನಮಗೆ ಗ್ಯಾಸ್. ಈ ಒಪ್ಪಂದ 11 ವರ್ಷ ಜಗಳವಿಲ್ಲದೆ ನಡೆಯಿತು.

ಮತ್ತೆ ತುಂಬಲು ಎಷ್ಟು ಬೇಕು ಎಂಬ ಲೆಕ್ಕವೂ ಸುಲಭ. ನಮ್ಮ ಹವೆಗೆ ಸಗಣಿ ಗುಂಡಿಯಲ್ಲಿ 40 ದಿನ ಇರಬೇಕು. 50 ಕಿಲೋ ಸಗಣಿ, 50 ಲೀಟರ್ ನೀರು ಸೇರಿ ದಿನಕ್ಕೆ ಸುಮಾರು 100 ಲೀಟರ್. 40 ದಿನಕ್ಕೆ 4,000 ಲೀಟರ್. ಅಂದರೆ ಮೊದಲ ತುಂಬಿಗೆ 2 ಟನ್ ಸಗಣಿ, ಅಷ್ಟೇ ನೀರು. ಜೊತೆಗೆ ನಡೆಯುತ್ತಿರುವ ಗುಂಡಿಯ ನಾಲ್ಕು ಕೊಡ ಸ್ಲರಿ ತಂದು ಹಾಕಿ, ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಮೊದಲು ಬಂದ ಗ್ಯಾಸ್ ಗಾಳಿ ಬೆರೆತದ್ದು. ಅದನ್ನು ಹಚ್ಚದೆ ಹೊರಗೆ ಬಿಟ್ಟುಬಿಡಬೇಕು.

ಜುಲೈ, ಆಗಸ್ಟ್ ತಿಂಗಳಲ್ಲಿ ಗ್ಯಾಸ್ ಕಡಿಮೆಯಾಗುವುದು ಈಗಲೂ ಇದೆ. ಗುಮ್ಮಟದ ಮೇಲೆ ಹುಲ್ಲು, ಗೊಬ್ಬರದ ಹೊದಿಕೆ ಹಾಕುತ್ತೇನೆ. ಬಚ್ಚಲ ಹಂಡೆಯಲ್ಲಿ ಉಳಿದ ಬಿಸಿನೀರಿನಲ್ಲಿ ಸಗಣಿ ಕಲೆಸುತ್ತೇನೆ. ಉರಿ ಭುಗ್ ಭುಗ್ ಎಂದು ಕುಣಿಯತೊಡಗಿದರೆ ಪೈಪಿನಲ್ಲಿ ನೀರು ಕೂತಿದೆ ಎಂದರ್ಥ. ತಗ್ಗಿನಲ್ಲಿರುವ ನಳ ತಿರುವಿ ನೀರು ಬಿಟ್ಟರೆ ಸರಿಹೋಗುತ್ತದೆ. ಹೊಸಬರು ಇದಕ್ಕೇ ಹೆದರಿ ಒಲೆ ಬದಲಿಸುತ್ತಾರೆ.

ಆ ವರ್ಷದ ಮಳೆಗಾಲ ಮನೆಯವಳು ಕಟ್ಟಿಗೆ ಊದಲಿಲ್ಲ. ಕೆಮ್ಮು ಪೂರ್ತಿ ಹೋಯಿತು ಎನ್ನಲಾರೆ. ರಾತ್ರಿ ಎದ್ದು ಕೂರುವುದು ನಿಂತಿತು.

ದುಡ್ಡಿನ ಲೆಕ್ಕ, ಮುಚ್ಚುಮರೆ ಇಲ್ಲದೆ

ಈಗಿನ ಸ್ಥಿತಿ ಬೇರೆ. 2014ರಲ್ಲಿ ಎತ್ತು ಮಾರಿದೆ, ಉಳುಮೆಗೆ ಟಿಲ್ಲರ್ ಬಾಡಿಗೆಗೆ ಬರುತ್ತದೆ. ಎಮ್ಮೆಯೂ ಈಗಿಲ್ಲ. ಒಂದು ಮಿಶ್ರತಳಿ ಆಕಳು, ಎರಡು ಗಿಡ್ಡ, ಒಂದು ಕರು. ಸಗಣಿ ದಿನಕ್ಕೆ 30 ಕಿಲೋ, ಗ್ಯಾಸ್ 1.2 ಘನ ಮೀಟರ್. ಮನೆಯಲ್ಲೂ ಜನ ನಾಲ್ಕೇ. ಹಾಗಾಗಿ ಸಾಲುತ್ತದೆ. ಸಿಲಿಂಡರ್ ಕೂಡ ಇದೆ, ನೆಂಟರು ಬಂದಾಗ, ಆಷಾಢದ ಚಳಿಯಲ್ಲಿ ತಿರುಗಿಸುತ್ತೇವೆ.

1 ಘನ ಮೀಟರ್ ಗೋಬರ್ ಗ್ಯಾಸ್ ಸುಮಾರು 0.43 ಕಿಲೋ ಸಿಲಿಂಡರ್ ಗ್ಯಾಸಿಗೆ ಸಮ. ಕಟ್ಟಿಗೆಯಾದರೆ ಮೂರೂವರೆ ಕಿಲೋ. 1.2 ಘನ ಮೀಟರ್ ಎಂದರೆ ದಿನಕ್ಕೆ ಅರ್ಧ ಕಿಲೋ, ತಿಂಗಳಿಗೆ ಹದಿನೈದೂವರೆ ಕಿಲೋ. 14.2 ಕಿಲೋದ ಒಂದು ಸಿಲಿಂಡರಿಗಿಂತ ತುಸು ಹೆಚ್ಚು. 2025ರಲ್ಲಿ ಸಿಲಿಂಡರ್ ಬೆಲೆ 850ರ ಆಚೀಚೆ ಇತ್ತು. ವರ್ಷಕ್ಕೆ ಹತ್ತು ಸಾವಿರ ಉಳಿಯಿತು ಎಂದು ಮೀಸೆ ತಿರುವಬಹುದು.

ಆದರೆ ಸಗಣಿ ಹೊತ್ತು ಕಲೆಸಿ ಹಾಕಲು ದಿನಕ್ಕೆ ಅರ್ಧ ತಾಸು ಬೇಕು. ವರ್ಷಕ್ಕೆ 182 ತಾಸು, ಎಂಟು ತಾಸಿನ ಲೆಕ್ಕದಲ್ಲಿ 23 ಆಳು. 450 ರೂಪಾಯಿ ಪಗಾರ ಹಿಡಿದರೆ 10,350. ಉಳಿದದ್ದು ಹೋಯಿತು! ಈ ಲೆಕ್ಕ ಯಾರೂ ಹಾಕುವುದಿಲ್ಲ. ಯಾಕೆಂದರೆ ಸಗಣಿ ಕಲೆಸುವುದು ಹೆಂಗಸರು, ಅವರಿಗೆ ಪಗಾರ ಇಲ್ಲ. ನಮ್ಮ ಸೊಸೆ ಬಂದ ವರ್ಷವೇ ಹೇಳಿದಳು, “ಮಾವಾ, ಗುಂಡಿ ಇರ್ಲಿ, ಬ್ಯಾಡ ಅನ್ನಲ್ಲ. ಆದ್ರೆ ಸಗಣಿ ಕಲೆಸೋದು ನನ್ನೊಬ್ಬಳ ಕೆಲ್ಸ ಆಗೋದು ಬ್ಯಾಡ.” ಮಾತು ಚುಚ್ಚಿತು, ಆದರೆ ನ್ಯಾಯದ್ದು. ಅವತ್ತಿನಿಂದ ಬೆಳಗಿನ ಆ ಅರ್ಧ ತಾಸು ನನ್ನದು ಮತ್ತು ಮಗನದು. ಎಷ್ಟೋ ಮನೆಗಳಲ್ಲಿ ಗುಂಡಿ ನಿಂತದ್ದು ಸಗಣಿ ಇಲ್ಲದ್ದಕ್ಕಲ್ಲ, ಕಲೆಸುವವರ ಸೊಂಟ ನಿಂತದ್ದಕ್ಕೆ ಎಂದು ನನಗೆ ಈಗ ಅನಿಸುತ್ತದೆ.

ಹಾಗಾದರೆ ಲಾಭ ಎಲ್ಲಿ? ಗೊಬ್ಬರದಲ್ಲಿ. ಅಲ್ಲೂ ಉತ್ಪ್ರೇಕ್ಷೆ ಬೇಡ. ವರ್ಷಕ್ಕೆ 11 ಟನ್ ಹಸಿ ಸಗಣಿ. ನೀರು ಕಳೆದು, ಗ್ಯಾಸಾಗಿ ಹೋದದ್ದು ಕಳೆದು ಉಳಿಯುವ ಒಣ ಪದಾರ್ಥ ಸುಮಾರು 1.6 ಟನ್. ಅದರಲ್ಲಿ ಸಾರಜನಕ ಇಪ್ಪತ್ತೈದು ಕಿಲೋ ಇರಬಹುದು, ಯೂರಿಯಾ ಲೆಕ್ಕದಲ್ಲಿ ಒಂದು ಚೀಲಕ್ಕಿಂತ ಸ್ವಲ್ಪ ಹೆಚ್ಚು. ಸಗಣಿ ಹೇಗೂ ಗೊಬ್ಬರ ಆಗುತ್ತಿತ್ತಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಮೊದಲು ತೆರೆದ ತಿಪ್ಪೆಯಲ್ಲಿ ನಾಲ್ಕು ತಿಂಗಳ ಮಳೆಗೆ ಅದರ ಸಾರವೆಲ್ಲ ತೊಳೆದು ಹಳ್ಳ ಸೇರುತ್ತಿತ್ತು. ಈಗ ಮಾಡು ಹಾಕಿದ ಎರಡು ಗುಂಡಿ ಇವೆ. ಗೋವಿನಜೋಳದ ದಂಟು, ರವದಿ, ಕಸ ಒಂದು ಪದರ, ಅದರ ಮೇಲೆ ಸ್ಲರಿ, ಮತ್ತೆ ಕಸ. ಒಂದು ತುಂಬುವಾಗ ಇನ್ನೊಂದು ಕೊಳೆಯುತ್ತದೆ. ಸ್ಲರಿಯನ್ನು ಬಿಸಿಲಲ್ಲಿ ಒಣಗಿಸಬಾರದು, ಸಾರಜನಕ ಹಾರಿಹೋಗುತ್ತದೆ. ಮೊದಲು ಬೆಂಕಿ ಇಡುತ್ತಿದ್ದ ದಂಟು ಈಗ ಹೊಲಕ್ಕೇ ಮರಳುತ್ತದೆ. ನಮ್ಮ ಹೊಲದಲ್ಲಿ ಈ ಗೊಬ್ಬರ ಬಿದ್ದ ಪಟ್ಟಿಯಲ್ಲಿ ಆಗಸ್ಟ್ ಕೊನೆಗೆ ಮಳೆ ಕೈಕೊಟ್ಟಾಗ ಪೈರು ಬಾಡುವುದು ಬೇರೆ ಕಡೆಗಿಂತ ನಾಲ್ಕೈದು ದಿನ ತಡ. ಮಳೆ ನಂಬಿದವನಿಗೆ ನಾಲ್ಕೈದು ದಿನ ಎಂದರೆ ಬೆಳೆಯೇ.

ಬಚ್ಚಲ ಒಲೆ ಮಾತ್ರ ಬಾಕಿ. ಸ್ನಾನದ ನೀರಿಗೆ ಗೋಬರ್ ಗ್ಯಾಸ್ ಸಾಲದು, ಮಳೆಗಾಲದಲ್ಲಿ ಸೌರ ಹಂಡೆ ಕಾಯದು. ಅಡುಗೆಗೆ ಉಳಿಸಿದ ಕಟ್ಟಿಗೆ ಅಲ್ಲಿ ಉರಿಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ವಿಭಾಗದವರು ಕಡಿಮೆ ಕಟ್ಟಿಗೆಯ ಅಸ್ತ್ರ ಒಲೆ ಮಾಡಿದ್ದು ಹಳೇ ಸಂಗತಿ. ಅದೇ ತತ್ವದಲ್ಲಿ ಬಚ್ಚಲ ಒಲೆಗೂ ಜಾಲರಿ, ಹೊಗೆಗೂಡು ಕೂರಿಸಿಕೊಂಡಿದ್ದೇನೆ. ಕಟ್ಟಿಗೆ ಕಡಿಮೆಯಾಗಿದೆ, ನಿಂತಿಲ್ಲ.

ದೇಶದ ಲೆಕ್ಕವೂ ಗುಂಡಿಯ ಲೆಕ್ಕವೇ

ಈಗ ದೊಡ್ಡ ವಿಷಯಕ್ಕೆ ಬರುತ್ತೇನೆ. 2021ರಲ್ಲಿ ಗ್ಲಾಸ್ಗೋ ಸಭೆಯಲ್ಲಿ ನಮ್ಮ ದೇಶ 2070ಕ್ಕೆ ಇಂಗಾಲದ ಹೊರೆಯನ್ನು ಸೊನ್ನೆಗೆ ತರುವ ಮಾತು ಕೊಟ್ಟಿತು. 2030ರೊಳಗೆ ಕಲ್ಲಿದ್ದಲು, ಎಣ್ಣೆ ಇಲ್ಲದೆ 5 ಲಕ್ಷ ಮೆಗಾವಾಟ್ ಸಾಮರ್ಥ್ಯ ಮಾಡುವುದು ಗುರಿ. 2025ರ ಮಧ್ಯಕ್ಕೆ ದೇಶದ ಒಟ್ಟು ವಿದ್ಯುತ್ ಸಾಮರ್ಥ್ಯದ ಅರ್ಧ ಅಂಥ ಮೂಲಗಳದ್ದೇ ಆಯಿತು ಎಂದು ಸುದ್ದಿ ಬಂತು. ಪಾವಗಡದಲ್ಲಿ ನಮ್ಮಂಥದೇ ಒಣಭೂಮಿ ರೈತರು ಗೇಣಿಗೆ ಕೊಟ್ಟ ಜಮೀನಿನಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಎದ್ದಿದೆ.

ಓದಿ ಖುಷಿಪಟ್ಟೆ. ಆದರೆ ಸಾಮರ್ಥ್ಯ ಎಂದರೆ ಗುಂಡಿಯ ಗಾತ್ರ, ದಿನದ ಸಗಣಿ ಅಲ್ಲ. ಆ 2025ರಲ್ಲೂ ದೇಶ ನಿಜವಾಗಿ ಉರಿಸಿದ ಕರೆಂಟಿನಲ್ಲಿ ದೊಡ್ಡ ಪಾಲು ಕಲ್ಲಿದ್ದಲಿನದೇ. ರಾತ್ರಿ ಬಿಸಿಲಿಲ್ಲ, ಗಾಳಿ ಹೇಳಿದಂತೆ ಬೀಸದು. 2 ಘನ ಮೀಟರ್ ಗುಂಡಿ ಕಟ್ಟಿ 21 ಕಿಲೋ ಸಗಣಿ ಹಾಕಿದ ನನಗೆ ಇದು ಬೇಗ ಅರ್ಥವಾಯಿತು.

ಹಗಲಿನ ಕರೆಂಟು ರಾತ್ರಿಗೆ ಕೂಡಿಡಲು ಶರಾವತಿಯಲ್ಲಿ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದದ್ದು ಇದೇ ಕಾರಣಕ್ಕೆ. ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತಿ, ಬೇಕಾದಾಗ ಇಳಿಸುವುದು. ಎತ್ತಲು ಖರ್ಚಾಗುವ ಕರೆಂಟು ಇಳಿಯುವಾಗ ಹುಟ್ಟುವುದಕ್ಕಿಂತ ಹೆಚ್ಚು. ಅದು ಕಣಜವೇ ಹೊರತು ಹೊಲ ಅಲ್ಲ. ಕಣಜ ಬೇಕು, ಒಪ್ಪೋಣ. ಆದರೆ ಅದಕ್ಕೆ ಶರಾವತಿ ಕಣಿವೆಯ ಕಾಡೇ ಬೇಕೆ ಎಂದು ಇಲ್ಲಿಯ ಜನ ಕೇಳುತ್ತಿದ್ದಾರೆ. ಕೇಳುವ ಹಕ್ಕು ನಮಗಿದೆ. ಸಿದ್ದಾಪುರದ ಮಗ್ಗುಲಿನ ಜೋಗದಲ್ಲಿ 1948ರಲ್ಲಿ, ಲಿಂಗನಮಕ್ಕಿಯಿಂದ 1964ರಲ್ಲಿ, ಆಮೇಲೆ ಯಲ್ಲಾಪುರ ತಾಲೂಕಿನ ಕೊಡಸಳ್ಳಿಯಲ್ಲಿ ನಾಡಿಗೆ ಕರೆಂಟು ಹೋಯಿತು. ಮುಳುಗಿದ್ದು ಇಲ್ಲಿಯ ನೆಲ. ಬೇಡ್ತಿ ಯೋಜನೆ ಬಂದಾಗ 1981ರಲ್ಲಿ ಶಿರಸಿಯಲ್ಲಿ ರೈತರೂ ವಿಜ್ಞಾನಿಗಳೂ ಒಟ್ಟಿಗೆ ಕೂತು ಲಾಭ ನಷ್ಟ ಲೆಕ್ಕ ಹಾಕಿದರು, ಆ ಯೋಜನೆ ನಿಂತಿತು. 1983ರಲ್ಲಿ ಸಾಲ್ಕಣಿಯಲ್ಲಿ ಮರ ಅಪ್ಪಿಕೊಂಡರು. ಇವರು ಕರೆಂಟು ಬೇಡ ಎಂದವರಲ್ಲ, ಲೆಕ್ಕ ಕೇಳಿದವರು.

ನಮ್ಮ ಮಟ್ಟದಲ್ಲಿ ಆಗುವುದೇನು? ಹಳ್ಳ ಹರಿಯುವ ತೋಟದ ಮನೆಗಳಲ್ಲಿ ಸಣ್ಣ ಟರ್ಬೈನು ಕೂರಿಸಿಕೊಂಡವರು ಈ ಮೂರೂ ತಾಲೂಕಿನಲ್ಲಿದ್ದಾರೆ. 20 ಮೀಟರ್ ಇಳಿಜಾರು, ಸೆಕೆಂಡಿಗೆ 5 ಲೀಟರ್ ನೀರು ಇದ್ದರೆ ಸುಮಾರು 500 ವಾಟ್ ಹುಟ್ಟುತ್ತದೆ. ಮಳೆಗಾಲದಲ್ಲಿ ಸೌರ ಫಲಕ ಮಂಕಾದಾಗ ಹಳ್ಳ ತುಂಬಿರುತ್ತದೆ, ಹಳ್ಳ ಬತ್ತಿದಾಗ ಬಿಸಿಲಿರುತ್ತದೆ. ಎರಡೂ ಒಂದಕ್ಕೊಂದು ಹೆಗಲು ಕೊಡುತ್ತವೆ. ನಮ್ಮಂಥ ಹೊಲದವರಿಗೆ ಹಳ್ಳ ಇಲ್ಲ, ಚಾವಣಿ ಇದೆ. 2024ರ ಫೆಬ್ರವರಿಯಲ್ಲಿ ಶುರುವಾದ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವಾಟಿಗೆ 30 ಸಾವಿರ, 3 ಕಿಲೋವಾಟಿಗೆ 78 ಸಾವಿರ ಸಹಾಯಧನ ಇಟ್ಟರು. 1 ಕಿಲೋವಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಟ್ಟೀತು. ಆದರೆ 2023ರಲ್ಲಿ ರಾಜ್ಯದಲ್ಲಿ 200 ಯೂನಿಟ್‌ವರೆಗೆ ಪುಕ್ಕಟೆ ಆದ ಮೇಲೆ ಬಿಲ್ಲೇ ಬಾರದ ಬಡ ಮನೆಗೆ ಫಲಕದ ಆಸಕ್ತಿ ಹೇಗೆ ಹುಟ್ಟಬೇಕು? ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಬೇಡವಾಗಿಸಿದ ಹಾಗೆ.

ದೇಶಕ್ಕೆ ಬೇಕಾದ ಸಿಲಿಂಡರ್ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದಿಂದ ಬರುತ್ತದೆ. ಸಮುದ್ರದಾಚೆ ಜಗಳ ಆದರೆ ನಮ್ಮ ಒಲೆಗೆ ಬಿಸಿ ತಟ್ಟುತ್ತದೆ. ನನ್ನ ಒಲೆಯ ಗ್ಯಾಸ್ ಬರುವುದು ಹದಿನೈದು ಮಾರು ದೂರದಿಂದ. ದನ ಇರುವವರೆಗೆ ಅದು ನಿಲ್ಲದು. ಭಯ ಇರುವುದು ಅಲ್ಲೇ. ಮೇವಿಗೆ, ಮೇಯಿಸುವವರಿಗೆ ಬರ ಬಂದು ಕೊಟ್ಟಿಗೆಗಳು ಖಾಲಿಯಾಗುತ್ತಿವೆ. ನಮ್ಮ ಕೇರಿಯಲ್ಲೇ ಐದು ಗುಂಡಿ ಇದ್ದವು, ಉರಿಯುತ್ತಿರುವುದು ಎರಡು. ಗುಂಡಿಗೆ ಸಹಾಯಧನ ಕೊಡುವವರು ಕೊಟ್ಟಿಗೆಯನ್ನೂ ನೋಡದಿದ್ದರೆ ಶಿರಸಿಯ ಹೆಸರು ಕಾಗದದಲ್ಲಿ ಉಳಿದೀತು.

ಕಟ್ಟುವ ಮೊದಲು

- ಏಳು ದಿನ ಸಗಣಿ ತೂಗಿ. ದನ ಎಣಿಸಬೇಡಿ. ಬಂದ ಸರಾಸರಿಯನ್ನು 25ರಿಂದ ಭಾಗಿಸಿದರೆ ಗುಂಡಿಯ ಗಾತ್ರ. ದೊಡ್ಡದು ಬೇಡ.
- ಜನ ಎಣಿಸಿ. ಒಬ್ಬರಿಗೆ 0.3 ಘನ ಮೀಟರ್ ಹಿಡಿಯಿರಿ. ಕೊರತೆ ಬಿದ್ದರೆ ನೆರೆಯವರ ಸಗಣಿ ಸಿಗುತ್ತದೋ ಮೊದಲೇ ಕೇಳಿ.
- ಸಗಣಿ, ನೀರು ಸಮಸಮ. ಎಲೆ, ಕಡ್ಡಿ, ಮಣ್ಣು, ಫಿನಾಯಿಲ್, ಸಾಬೂನು ನೀರು ಬೇಡ.
- ಕೊಟ್ಟಿಗೆ, ಗುಂಡಿ, ಅಡುಗೆಮನೆ ಹತ್ತಿರ ಇರಲಿ. ಕುಡಿಯುವ ನೀರಿನ ಬಾವಿ ದೂರ ಇರಲಿ. ಗುಮ್ಮಟಕ್ಕೆ ಮರದ ಬೇರು ತಾಗಬಾರದು.
- ಸ್ಲರಿ ಗುಂಡಿ, ಅದರ ಮಾಡು ಎರಡೂ ಮೊದಲೇ ಮಾಡಿಕೊಳ್ಳಿ. ಲಾಭ ಅಲ್ಲೇ ಇರುವುದು.
- 2022ರಲ್ಲಿ ಬಂದ ಕೇಂದ್ರದ ಜೈವಿಕ ಶಕ್ತಿ ಯೋಜನೆಯಲ್ಲಿ 2ರಿಂದ 4 ಘನ ಮೀಟರ್ ಗುಂಡಿಗೆ ಸಾಮಾನ್ಯ ವರ್ಗಕ್ಕೆ 14,350 ರೂಪಾಯಿ ಇತ್ತು. ಈಗಿನ ದರ ವಿಚಾರಿಸಿಯೇ ಕೆಲಸ ಶುರು ಮಾಡಿ.
- ಬೆಳಗಿನ ಅರ್ಧ ತಾಸು ಯಾರದು ಎಂದು ಮನೆಯವರೆಲ್ಲ ಕೂತು ಮಾತಾಡಿ. ಇದು ಇಟ್ಟಿಗೆ, ಸಿಮೆಂಟಿಗಿಂತ ಮುಖ್ಯ.

ನಿಂತುಹೋದ ಗುಂಡಿ ನಿಮ್ಮ ಹಿತ್ತಲಲ್ಲಿದ್ದರೆ ಒಡೆಯುವ ಮೊದಲು ಒಂದು ವಾರ ತಕ್ಕಡಿ ಹಿಡಿಯಿರಿ. ಎರಡು ದನ ಇದ್ದರೂ ನೆರೆಯವರು ಕೈಗೂಡಿಸಿದರೆ ಬೆಳಗಿನ ಚಾ, ತಿಂಡಿಯ ಮಟ್ಟಿಗೆ ಉರಿ ಬಂದೀತು. ಬೇರೆ ದಾರಿ ಕಂಡುಕೊಂಡವರು, ಅದರಲ್ಲೂ ದನ ಇಲ್ಲದೆ ಅಡುಗೆಮನೆಯ ಕಸದಿಂದ, ಕೊಳೆ ಹಣ್ಣಿನಿಂದ ಗುಂಡಿ ನಡೆಸುತ್ತಿರುವವರು ಪತ್ರಿಕೆಗೆ ಬರೆದರೆ ನನಗೂ ಕಲಿಯುವುದಿದೆ. ಬರೆಯುವಾಗ ತೂಕದ ಲೆಕ್ಕ ತಪ್ಪದೆ ಹಾಕಿ.